ಲ್ಯಾಪ್‌ಟಾಪಿಗೆ ಟಿವಿ ಜೋಡಿಸಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದವು. ಹಾಗಾಗಿ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಸಾಲ್ಯಾಗ ಗ್ವಾಡಿ ಮ್ಯಾಲ ಟಿವಿ ಹಾಕ್ಯಾರ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿದ್ರ ಒಮ್ಮೊಮ್ಮೆ 'ನೋ ಸಿಗ್ನಲ್' ಬರ್ತದ, ಒಮ್ಮೊಮ್ಮೆ ಬರೇ ಹಿನ್ನೆಲೆ ಚಿತ್ರ ಕಾಣ್ತದ, ಪಾಠ ಕಾಣಂಗಿಲ್ಲ. ಏನ್ ಮಾಡಬೇಕ್ರಿ?
— ಶಿಕ್ಷಕಿ, ಶಹಾಪುರ

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಹಿನ್ನೆಲೆ ಚಿತ್ರ ಮಾತ್ರ ಕಂಡರೆ ಕೇಬಲ್ ಸರಿಯಾಗಿಯೇ ಇದೆ. ಲ್ಯಾಪ್‌ಟಾಪ್ ಆಗ 'ಎಕ್ಸ್‌ಟೆಂಡ್' ಸ್ಥಿತಿಯಲ್ಲಿರುತ್ತದೆ, ಅಂದರೆ ಟಿವಿಯನ್ನು ಪಕ್ಕದ ಇನ್ನೊಂದು ಮೇಜಿನಂತೆ ಖಾಲಿ ಇಟ್ಟುಕೊಂಡಿರುತ್ತದೆ. ವಿಂಡೋಸ್ ಕೀ ಒತ್ತಿ ಹಿಡಿದು 'ಪಿ' ಒತ್ತಿ, 'ಡೂಪ್ಲಿಕೇಟ್' ಆರಿಸಿ. ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ಅದೇ ಪಟ್ಟಿಯ 'ಸೆಕೆಂಡ್ ಸ್ಕ್ರೀನ್ ಓನ್ಲಿ' ಆರಿಸಿದರೆ ಲ್ಯಾಪ್‌ಟಾಪಿನ ಪರದೆ ಕಪ್ಪಾಗುತ್ತದೆ. ಗಾಬರಿ ಬೇಡ, ಕೇಬಲ್ ಕಿತ್ತರೆ ಚಿತ್ರ ವಾಪಸು ಬರುತ್ತದೆ.

'ನೋ ಸಿಗ್ನಲ್' ಬಂದರೆ ಮೊದಲು ಟಿವಿಯ ಹಿಂಬದಿ ನೋಡಿ. ಕೇಬಲ್ 'ಎಚ್‌ಡಿಎಂಐ 2' ಎಂದು ಬರೆದ ಪೋರ್ಟಿನಲ್ಲಿದ್ದರೆ ರಿಮೋಟಿನ 'ಸೋರ್ಸ್' ಗುಂಡಿಯಿಂದ ಅದನ್ನೇ ಆರಿಸಬೇಕು. ಕರೆಂಟು ಹೋಗಿ ಬಂದ ಮೇಲೆ ಹೆಚ್ಚಾಗಿ ಆಗುವುದು ಇದೇ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಟಿವಿ ಮಾತ್ರ ಮತ್ತೆ ಶುರುವಾಗಿ ತನ್ನ ಹೋಮ್ ಪರದೆಗೆ ಹೋಗಿ ಕೂತಿರುತ್ತದೆ.

ಸೋರ್ಸ್ ಸರಿಯಿದ್ದೂ ಚಿತ್ರ ಬಾರದಿದ್ದರೆ ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಆಫ್ ಮಾಡಿ, ಟಿವಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಎರಡು ನಿಮಿಷ ಬಿಡಿ. ಆಮೇಲೆ ಕೇಬಲ್ ಜೋಡಿಸಿ, ಟಿವಿ ಹಚ್ಚಿ, ಸೋರ್ಸ್ ಆರಿಸಿ, ಕೊನೆಗೆ ಲ್ಯಾಪ್‌ಟಾಪ್ ಹಚ್ಚಿ. 'ನಾನು ಇಂತಿಂಥ ಅಳತೆಯ ಚಿತ್ರ ತೋರಿಸಬಲ್ಲೆ' ಎಂಬ ಪಟ್ಟಿಯನ್ನು ಟಿವಿ ಇದೇ ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಈ ಪಟ್ಟಿಯ ಹೆಸರು ಇಡಿಐಡಿ. ಅದು ತಲುಪದಿದ್ದರೆ ಲ್ಯಾಪ್‌ಟಾಪಿಗೆ ಏನು ಕಳಿಸಬೇಕೆಂದೇ ತಿಳಿಯುವುದಿಲ್ಲ.

ಒಮ್ಮೊಮ್ಮೆ ಬಂದು ಒಮ್ಮೊಮ್ಮೆ ಹೋಗುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ನಮಗೆ ಅನುಮಾನ ಕೇಬಲ್ ಮೇಲೆಯೇ. 1.5 ಮೀಟರಿನ ಒಂದು ಕೇಬಲ್ ತಂದು, ಲ್ಯಾಪ್‌ಟಾಪನ್ನು ಟಿವಿಯ ಹತ್ತಿರ ಹಿಡಿದು ನೋಡಿ. ಅದರಲ್ಲಿ ಚಿತ್ರ ನಿಂತರೆ ದೋಷ ಉದ್ದನೆಯ ಕೇಬಲ್ಲಿನದು. ತರಗತಿಗೆ 5 ಮೀಟರಿನ ಒಳ್ಳೆಯ ಕೇಬಲ್ ಸಾಕು. 15 ಮೀಟರಿನ ತಾಮ್ರದ ಸಾಧಾರಣ ಕೇಬಲ್ಲಿನಲ್ಲಿ ಸಿಗ್ನಲ್ ದುರ್ಬಲವಾಗುತ್ತದೆ. ಅಷ್ಟು ದೂರ ಬೇಕೇ ಬೇಕೆಂದರೆ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕು ಇರುತ್ತದೆ: 'ಸೋರ್ಸ್' ಎಂದು ಬರೆದ ತುದಿ ಲ್ಯಾಪ್‌ಟಾಪಿಗೆ, 'ಡಿಸ್‌ಪ್ಲೇ' ಎಂದಿರುವುದು ಟಿವಿಗೆ. ಅದಲುಬದಲಾದರೆ ಏನೂ ಬರುವುದಿಲ್ಲ.

ಪ್ರಶ್ನೆ: ಬಿದರಿ ಸಾಮಾನಿನ ಫೋಟೋಗಳನ್ನು ಗಿರಾಕಿಗಳಿಗೆ ಟಿವಿಯಲ್ಲಿ ತೋರಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಅಚ್ಚ ಕಪ್ಪಾಗಿ ಕಾಣುವ ಹೂಜಿ ಟಿವಿಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚಿತ್ರದ ನಾಲ್ಕೂ ಅಂಚು ಕತ್ತರಿಸಿಹೋಗುತ್ತವೆ. ಟಿವಿ ಕೆಟ್ಟಿದೆಯೇ?
— ವ್ಯಾಪಾರಿ, ಬೀದರ್

ಉತ್ತರ: ಕೆಟ್ಟಿಲ್ಲ. ಒಳಗೆ ಬರುತ್ತಿರುವುದು ಕಂಪ್ಯೂಟರಿನ ಚಿತ್ರ ಎಂದು ಅದಕ್ಕೆ ಯಾರೂ ತಿಳಿಸಿಲ್ಲ, ಅಷ್ಟೇ. ಸಿನಿಮಾಕ್ಕೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡುತ್ತಿದೆ.

ಅಂಚಿನ ವಿಷಯ ಸುಲಭ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಗಳಲ್ಲಿ ಅಂಚು ನೆಟ್ಟಗಿರುತ್ತಿರಲಿಲ್ಲ. ಅದನ್ನು ಮರೆಮಾಡಲು ಚಿತ್ರವನ್ನು ತುಸು ಹಿಗ್ಗಿಸುತ್ತಿದ್ದರು. ಓವರ್‌ಸ್ಕ್ಯಾನ್ ಎಂಬ ಆ ರೂಢಿ ಈಗಿನ ಟಿವಿಗಳಲ್ಲೂ ಉಳಿದಿದೆ. ಚಿತ್ರದ ಅಳತೆಯ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', 'ಫುಲ್ ಪಿಕ್ಸೆಲ್', '1:1' ಇವುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿ. ಲ್ಯಾಪ್‌ಟಾಪಿನ ಕಡೆಯಿಂದ ಚಿತ್ರ ಕುಗ್ಗಿಸಬೇಡಿ. ಅಲ್ಲಿ ಕುಗ್ಗಿ ಇಲ್ಲಿ ಹಿಗ್ಗಿ, ಬೆಳ್ಳಿಯ ಸಣ್ಣ ಗೆರೆಗಳೆಲ್ಲ ಮಸುಕಾಗುತ್ತವೆ.

ಕಪ್ಪಿನ ವಿಷಯಕ್ಕೆ ಬರೋಣ. ಕೋಟೆಯ ಮಣ್ಣಿನಿಂದ ಬರುವ ಆ ಕಪ್ಪೇ ಬಿದರಿಯ ಜೀವ. ಅದು ಬೂದಿಯಾಗಿ ಕಂಡರೆ ಗಿರಾಕಿಗೆ ತೋರಿಸಿಯೂ ಪ್ರಯೋಜನವಿಲ್ಲ. ಕಂಪ್ಯೂಟರ್ ಕಪ್ಪನ್ನು 0 ಎಂದೂ ಬಿಳಿಯನ್ನು 255 ಎಂದೂ ಎಣಿಸುತ್ತದೆ. ವಿಡಿಯೋದ ಲೆಕ್ಕದಲ್ಲಿ ಕಪ್ಪು 16, ಬಿಳಿ 235. ಲ್ಯಾಪ್‌ಟಾಪ್ 16ರ ಕಪ್ಪು ಕಳಿಸಿ, ಟಿವಿ 0ಯನ್ನು ಕಾಯುತ್ತಿದ್ದರೆ ಕಪ್ಪೆಲ್ಲ ಬೂದಿ. ನಿಮ್ಮಲ್ಲಿ ಆಗಿರುವುದು ಇದು. ಉಲ್ಟಾ ಆದರೆ ಇನ್ನೂ ಕಷ್ಟ: ಕಡುಗಪ್ಪಿನೊಳಗಿನ ಛಾಯೆಗಳು ಒಂದರಲ್ಲೊಂದು ಮುಳುಗುತ್ತವೆ, ಬೆಳ್ಳಿಯ ಹೊಳಪು ಬರೀ ಬಿಳಿಯ ಮಚ್ಚೆಯಾಗುತ್ತದೆ.

ಎರಡೂ ಕಡೆ ಒಂದೇ ಲೆಕ್ಕ ಇಡಬೇಕು. ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದರೆ 'ಕ್ವಾಂಟೈಸೇಶನ್ ರೇಂಜ್', ಎನ್‌ವಿಡಿಯಾ ಇದ್ದರೆ 'ಔಟ್‌ಪುಟ್ ಡೈನಾಮಿಕ್ ರೇಂಜ್' ಎಂಬಲ್ಲಿ 'ಫುಲ್' ಆರಿಸಿ. ಟಿವಿಯಲ್ಲಿ 'ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್' ಅಥವಾ 'ಡೈನಾಮಿಕ್ ರೇಂಜ್' ಹುಡುಕಿ ಅದನ್ನೂ ಫುಲ್‌ಗೆ ಇಡಿ. ಕೆಲವು ಟಿವಿಗಳಲ್ಲಿ ಇದರ ಹೆಸರು 'ನಾರ್ಮಲ್' ಅಥವಾ 'ಹೈ'. 'ಆಟೋ' ನಂಬಬೇಡಿ.

ಸರಿಯಾಯಿತೇ ಎಂದು ತಿಳಿಯಲು ಪೇಂಟ್‌ನಲ್ಲಿ ನಾಲ್ಕು ಚೌಕ ಬರೆಯಿರಿ. ಕೆಂಪು, ಹಸಿರು, ನೀಲಿ ಮೂರಕ್ಕೂ ಒಂದೇ ಅಂಕಿ ಕೊಟ್ಟು, ಚೌಕಗಳಿಗೆ ಕ್ರಮವಾಗಿ 0, 8, 16, 24 ತುಂಬಿ. ಕೋಣೆ ಕತ್ತಲು ಮಾಡಿ ನೋಡಿದರೆ 0 ಕಡುಗಪ್ಪಾಗಿರಬೇಕು, ಉಳಿದವು ಒಂದಕ್ಕಿಂತ ಒಂದು ಕೂದಲೆಳೆಯಷ್ಟು ತಿಳಿಯಾಗಿ ಕಾಣಬೇಕು. ಮೊದಲ ಮೂರೂ ಒಂದೇ ಆಗಿ ಕಂಡರೆ ಕಪ್ಪು ಮುಳುಗಿದೆ ಎಂದರ್ಥ. ಎಲ್ಲ ಸರಿಯಿದ್ದೂ ಚಿತ್ರ ಪೇಲವವಾಗಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 'ಎಚ್‌ಡಿಆರ್' (ಹೆಚ್ಚು ಹೊಳಪಿನ ಚಿತ್ರದ ಸೌಲಭ್ಯ) ಆನ್ ಆಗಿದೆಯೇ ನೋಡಿ, ಆಫ್ ಮಾಡಿ. ಟಿವಿಯ 'ವಿವಿಡ್' ಮೋಡ್ ಕೂಡ ಬೇಡ.

ಪ್ರಶ್ನೆ: 43 ಇಂಚಿನ 4ಕೆ ಟಿವಿಯನ್ನೇ ಮಾನಿಟರ್ ಮಾಡಿಕೊಂಡು ಡಿಟಿಪಿ ಕೆಲಸ ಮಾಡುತ್ತೇನೆ. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ಮೌಸ್ ಕೂಡ ಎಳೆದಂತೆ ಓಡುತ್ತದೆ.
— ಡಿಟಿಪಿ ಕೆಲಸಗಾರ, ಕಲಬುರಗಿ

ಉತ್ತರ: ಮೌಸ್ ಎಳೆಯುತ್ತಿದೆ ಎಂದರೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತಿರಬಹುದು. 'ಅಡ್ವಾನ್ಸ್ಡ್ ಡಿಸ್‌ಪ್ಲೇ'ಯಲ್ಲಿ 30 ಹರ್ಟ್ಸ್ ಇದ್ದರೆ 60 ಮಾಡಿ. 60 ಸಿಗದೇ ಇದ್ದರೆ ಲ್ಯಾಪ್‌ಟಾಪಿನ ಪೋರ್ಟ್ ಎಚ್‌ಡಿಎಂಐನ 1.4 ಎಂಬ ಹಳೆಯ ಆವೃತ್ತಿಯದಿರಬಹುದು. ಅದು 4ಕೆ (3840×2160 ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ) ಚಿತ್ರವನ್ನು 30ಕ್ಕಿಂತ ವೇಗವಾಗಿ ಕಳಿಸಲಾರದು. 60 ಬೇಕಾದರೆ ಲ್ಯಾಪ್‌ಟಾಪ್, ಕೇಬಲ್, ಟಿವಿ ಮೂರೂ ಎಚ್‌ಡಿಎಂಐ 2.0 ಆವೃತ್ತಿಗೆ ಒಗ್ಗಬೇಕು. ಆಗದಿದ್ದರೆ 1920×1080ಕ್ಕೆ ಇಳಿದು 60 ಇಟ್ಟುಕೊಳ್ಳುವುದು ಮೇಲು.

ಅಕ್ಷರ ಕಲಸುವುದಕ್ಕೆ ಎರಡು ಕಾರಣ. ಒಂದು, ಟಿವಿಯ 'ಶಾರ್ಪ್‌ನೆಸ್'. ಅದು ಪ್ರತಿ ಗೆರೆಯ ಸುತ್ತ ಒಂದು ಬಿಳಿ ಅಂಚು ಎಳೆಯುತ್ತದೆ. 'ಸ್ತ್ರೀ', 'ರಾಷ್ಟ್ರ' ಇಂಥ ಪದಗಳಲ್ಲಿ ಒತ್ತಿಗೂ ಮೂಲಾಕ್ಷರಕ್ಕೂ ನಡುವೆ ಇರುವ ಜಾಗವೇ ಒಂದೆರಡು ಪಿಕ್ಸೆಲ್, ಆ ಅಂಚು ಅದನ್ನೇ ನುಂಗುತ್ತದೆ. ಶಾರ್ಪ್‌ನೆಸ್ಸನ್ನು 0ಗೆ ತನ್ನಿ. ಸೋನಿ ಟಿವಿಗಳಲ್ಲಿ ನಡುವಿನ 50 ಸಹಜ ಸ್ಥಿತಿ, ಅಲ್ಲಿ ಸೊನ್ನೆಗೆ ಇಳಿಸಬೇಡಿ.

ಇನ್ನೊಂದು, ಬಣ್ಣದ ಉಳಿತಾಯ. ವಿಡಿಯೋದಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣದ ಮಾಹಿತಿ ಇಡುತ್ತಾರೆ. ಇದನ್ನು 4:2:0 ಎನ್ನುತ್ತಾರೆ. ಸಿನಿಮಾದಲ್ಲಿ ಗೊತ್ತಾಗುವುದಿಲ್ಲ, ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದಲ್ಲಿ ತಟ್ಟನೆ ಗೊತ್ತಾಗುತ್ತದೆ. ಟಿವಿಯ ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐನ ಹೆಸರು ಅಥವಾ ಚಿತ್ರವನ್ನು 'ಪಿಸಿ' ಎಂದು ಬದಲಿಸಿ. ಎಷ್ಟೋ ಟಿವಿಗಳು ಈ ಒಂದೇ ಬದಲಾವಣೆಗೆ ಪೂರ್ತಿ ಬಣ್ಣದ 4:4:4ಕ್ಕೆ ಹೊರಳುತ್ತವೆ. ಆಮೇಲೆ ವಿಂಡೋಸ್‌ನ 'ಸ್ಕೇಲ್' 150 ಪ್ರತಿಶತ ಇಟ್ಟು, ಅಕ್ಷರಗಳನ್ನು ಸ್ಪಷ್ಟಗೊಳಿಸುವ 'ಕ್ಲಿಯರ್‌ಟೈಪ್' ಒಮ್ಮೆ ನಡೆಸಿ.

ಪ್ರಶ್ನೆ: ಚಿತ್ರ ಟಿವಿಗೆ ಬರ್ತದ, ದನಿ ಮಾತ್ರ ಲ್ಯಾಪ್‌ಟಾಪ್‌ನ್ಯಾಗೇ ಬರ್ತದ್ರಿ.
— ಓದುಗರು, ಸುರಪುರ

ಉತ್ತರ: ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ, ಪಟ್ಟಿಯಲ್ಲಿ ಟಿವಿಯ ಹೆಸರು ಆರಿಸಿ. ನಿಮ್ಮದು 15 ಪಿನ್ನಿನ ಹಳೆಯ ವಿಜಿಎ ಜೋಡಣೆಯಾದರೆ ಅದರಲ್ಲಿ ದನಿ ಹೋಗುವುದೇ ಇಲ್ಲ. 3.5 ಮಿಲಿಮೀಟರಿನ ಆಡಿಯೋ ಕೇಬಲ್ ಬೇರೆಯಾಗಿ ಹಾಕಬೇಕು.

ಪ್ರಶ್ನೆ: ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇದೆ. ಅಂಗಡಿಯಲ್ಲಿ ಕೊಟ್ಟ ಅಡಾಪ್ಟರ್ ಕೆಲಸ ಮಾಡುತ್ತಿಲ್ಲ.
— ವಿದ್ಯಾರ್ಥಿ, ಬಸವಕಲ್ಯಾಣ

ಉತ್ತರ: ಎಲ್ಲ ಟೈಪ್-ಸಿ ಪೋರ್ಟ್‌ಗಳಲ್ಲೂ ಚಿತ್ರ ಹೊರಡುವುದಿಲ್ಲ. ಪೋರ್ಟಿನ ಪಕ್ಕ ಮಿಂಚಿನ ಗುರುತು ಅಥವಾ ಡಿಸ್‌ಪ್ಲೇಪೋರ್ಟ್‌ನ 'ಡಿ'ಯಂಥ ಗುರುತು ಇದ್ದರೆ ಹೊರಡುತ್ತದೆ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ 'ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್' ಎಂದಿದೆಯೇ ಓದಿ, ಆಮೇಲೆ ದುಡ್ಡು ಹಾಕಿ.

ಪ್ರಶ್ನೆ: ಕೇಬಲ್ ಚುಚ್ಚುವಾಗ ಬೆರಳಿಗೆ ಜುಮ್ ಎನ್ನುತ್ತದೆ. ಬೇಸಿಗೆಯಲ್ಲಿ ಹೆಚ್ಚು. ಅಪಾಯವೇ?
— ಗೃಹಿಣಿ, ಆಳಂದ

ಉತ್ತರ: ಕಡೆಗಣಿಸಬೇಡಿ. ಟಿವಿ ಮತ್ತು ಚಾರ್ಜರಿನ ಒಳಗಿನ ಫಿಲ್ಟರ್‌ಗಳಿಂದ ತೀರಾ ಸಣ್ಣ ಕರೆಂಟು ಸೋರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ, ಇಲ್ಲದಿದ್ದರೆ ಲೋಹದ ಭಾಗದಲ್ಲೇ ನಿಂತು ನಿಮ್ಮ ಬೆರಳಿನ ದಾರಿ ಹಿಡಿಯುತ್ತದೆ. ಎರಡೂ ಸಾಧನಗಳು ಚಾಲೂ ಇರುವಾಗ ಕೇಬಲ್ ಚುಚ್ಚಿದರೆ ಇದೇ ಕರೆಂಟು ಎಚ್‌ಡಿಎಂಐ ಪೋರ್ಟನ್ನು ಸುಡಬಲ್ಲದು. ಡಿಶ್ ಕೇಬಲ್ ಕೂಡ ಟಿವಿಗೆ ಹಾಕಿದ್ದರೆ ಅಪಾಯ ಹೆಚ್ಚು.

ಎರಡರ ಸ್ವಿಚ್ಚನ್ನೂ ಗೋಡೆಯಲ್ಲೇ ಆಫ್ ಮಾಡಿ, ಕೇಬಲ್ ಹಾಕಿ, ಆಮೇಲೆ ಹಚ್ಚಿ. ಮೂರು ಪಿನ್ನಿನ ಚಾರ್ಜರಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಬೇಡಿ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗಿ, ಮಣ್ಣು ರಾಡನ್ನು ಬಿಟ್ಟು ಸರಿಯುತ್ತದೆ. ಬೇಸಿಗೆಯಲ್ಲಿ ಹೆಚ್ಚು ಎಂದು ನೀವು ಬರೆದಿರುವುದು ಇದಕ್ಕೆ ತಾಳೆಯಾಗುತ್ತದೆ. ಗುಂಡಿಗೆ ಆಗಾಗ ಒಂದೆರಡು ಕೊಡ ನೀರು ಹಾಕಿಸಿ. ಎಲೆಕ್ಟ್ರೀಷಿಯನ್ ಕರೆಸಿ ಸಾಕೆಟ್ ಅಳೆಸಿ: ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ ಫೇಸ್–ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ತೀರಾ ಕಮ್ಮಿ ತೋರಿದರೆ ಅಥವಾ ಅಂಕಿ ಓಲಾಡಿದರೆ ನಿಮ್ಮ ಮನೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲ. ಅದನ್ನು ಸರಿಮಾಡಿಸುವವರೆಗೆ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆಯೇ ಲ್ಯಾಪ್‌ಟಾಪ್ ನಡೆಸಿ.