ಘಾಟಿ ಹತ್ತಲು ಒಂದು ಲೀಟರ್ ಎಂಜಿನ್ ಸಾಕೇ?

ಪ್ರಶ್ನೆ: ನನ್ನ ಬಳಿ 2002ರ ಹೋಂಡಾ ಸಿಟಿ ವಿಟೆಕ್ ಇದೆ. ಎರಡು ಲಕ್ಷ ಕಿಲೋಮೀಟರ್ ದಾಟಿದ್ದರೂ ಎಂಜಿನ್ ಗಟ್ಟಿಮುಟ್ಟಾಗಿದೆ. ಏರ್‌ಬ್ಯಾಗ್, ಎಬಿಎಸ್ ಯಾವುದೂ ಇಲ್ಲ. ಮೂರು ತಿಂಗಳಿಗೊಮ್ಮೆ ಅಮ್ಮನನ್ನು ಆಗುಂಬೆ ಘಾಟಿಯ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹೆಂಡತಿ, ಇಬ್ಬರು ಮಕ್ಕಳೂ ಜೊತೆಗಿರುತ್ತಾರೆ. ಫೋಕ್ಸ್‌ವ್ಯಾಗನ್ ವರ್ಟಸ್ 1.0 ಕೊಳ್ಳೋಣವೆಂದರೆ ಸ್ನೇಹಿತರು, ‘ಒಂದೂವರೆ ಲೀಟರ್ ಗಾಡಿ ಬಿಟ್ಟು ಒಂದು ಲೀಟರ್‌ನದು ತರುತ್ತೀಯಾ? ಮೂರೇ ಸಿಲಿಂಡರ್, ಘಾಟಿಯಲ್ಲಿ ಎಳೆಯುವುದಿಲ್ಲ, ಐದು ವರ್ಷಕ್ಕೆ ಎಂಜಿನ್ ಬಿಚ್ಚಿಸಬೇಕು’ ಎನ್ನುತ್ತಿದ್ದಾರೆ. ಏನು ಮಾಡಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಹೊಸದನ್ನು ಕೊಳ್ಳಿ. ಹಳೆಯದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಯಾಕೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸ್ನೇಹಿತರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಮೊದಲು ನಿಮ್ಮ ವಿಟೆಕ್‌ಗೆ ಸಲ್ಲಬೇಕಾದ ಗೌರವ ಸಲ್ಲಲಿ. ಮೂವತ್ತು ವರ್ಷ ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸಿದವನು ನಾನು; ನನ್ನ ಕೈಯಿಂದ ಹಾದುಹೋದ ಪೆಟ್ರೋಲ್ ಎಂಜಿನ್‌ಗಳಲ್ಲಿ ಅಷ್ಟು ಅಚ್ಚುಕಟ್ಟಾದವು ಬೆರಳೆಣಿಕೆಯಷ್ಟು. 106 ಅಶ್ವಶಕ್ತಿ, ಸುಮಾರು ಒಂದು ಟನ್ ತೂಕ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ಅದರ ದನಿಯೇ ಬದಲಾಗುತ್ತದೆ, ಆರು ಸಾವಿರದವರೆಗೂ ಏರುತ್ತಲೇ ಹೋಗುತ್ತದೆ. ಕಾಲಿಗೂ ಎಂಜಿನ್ನಿಗೂ ನಡುವೆ ಇರುವುದು ಒಂದು ತಂತಿ ಮಾತ್ರ. ಒತ್ತಿದಷ್ಟೇ ಉತ್ತರ, ಒತ್ತಿದ ಕ್ಷಣಕ್ಕೇ ಉತ್ತರ. ಟರ್ಬೊ (ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ) ಇರುವ ಯಾವ ಸಣ್ಣ ಎಂಜಿನ್ನಿನಲ್ಲೂ ಆ ಗುಣ ನನಗೆ ಸಿಕ್ಕಿಲ್ಲ. ಓಡಿಸುವ ಸುಖವನ್ನಷ್ಟೇ ಕೇಳಿದ್ದರೆ ನಿಮ್ಮ ಗಾಡಿಯೇ ಮೇಲು ಎಂದು ಬರೆದು ಮುಗಿಸುತ್ತಿದ್ದೆ.

ಆದರೆ ನೀವು ಕೇಳಿರುವುದು ಐದು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವುದರ ಬಗ್ಗೆ. ಅಲ್ಲಿ ಅಶ್ವಶಕ್ತಿಗಿಂತ ಎಳೆಯುವ ಬಲ, ಅಂದರೆ ಟಾರ್ಕ್, ಮುಖ್ಯ. ಅದು ಎಷ್ಟಿದೆ ಎನ್ನುವುದಕ್ಕಿಂತ ಎಂಜಿನ್ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಎಂಬುದು ಇನ್ನೂ ಮುಖ್ಯ. ವರ್ಟಸ್‌ನ ಒಂದು ಲೀಟರ್ ಟರ್ಬೊ ಎಂಜಿನ್ 178 ನ್ಯೂಟನ್ ಮೀಟರ್ ಟಾರ್ಕನ್ನು 1750 ಸುತ್ತಿನಿಂದಲೇ ಕೊಡಲು ಶುರುಮಾಡಿ 4500ರವರೆಗೂ ಬಿಡದೆ ಹಿಡಿದುಕೊಳ್ಳುತ್ತದೆ. ನಿಮ್ಮ ವಿಟೆಕ್ ತನ್ನ ಪೂರ್ತಿ ಬಲ ತೋರಿಸಬೇಕಾದರೆ ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು. ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ ಕೂತಿರುವಾಗ ಯಾರೂ ಹಾಗೆ ಓಡಿಸುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕನ ಮಗನ ವರ್ಟಸ್‌ನಲ್ಲಿ, ಅದೂ ಮ್ಯಾನ್ಯುಯಲ್, ಸೋಮೇಶ್ವರದಿಂದ ಆಗುಂಬೆಗೆ ನಾನೇ ಓಡಿಸಿಕೊಂಡು ಬಂದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕದೆ ಗತ್ಯಂತರವಿಲ್ಲ. ಹಾಕದಿದ್ದರೆ ಗಾಜು ಮಂಜಾಗುತ್ತದೆ. ತಿರುವು ತಿರುವಿನ ನಡುವಿನ ಏರಿನಲ್ಲಿ ಸೆಕೆಂಡ್ ಗೇರ್‌ನಲ್ಲೇ ಗಾಡಿ ಉಸಿರು ಕಟ್ಟದೆ ಹತ್ತಿತು. ಆದರೆ ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಮಿನಿ ಬಸ್ ಬಂತು. ನಾನು ಬಹುತೇಕ ನಿಂತೇಬಿಟ್ಟೆ. ಸೆಕೆಂಡ್‌ನಲ್ಲೇ ಮತ್ತೆ ಹೊರಡಲು ನೋಡಿದರೆ ಸುತ್ತು 1200ಕ್ಕೆ ಬಿದ್ದಿತ್ತು, ಆಕ್ಸಿಲರೇಟರ್ ಒತ್ತಿದರೂ ಗಾಡಿ ಕೊಸರಾಡಿತೇ ಹೊರತು ಮುಂದೆ ಹೋಗಲಿಲ್ಲ. ಫಸ್ಟ್ ಗೇರ್ ಹಾಕಿದ ಮೇಲೆಯೇ ಎದ್ದದ್ದು. ನಿಮ್ಮ ಸ್ನೇಹಿತರು ‘ಎಳೆಯುವುದಿಲ್ಲ’ ಎನ್ನುವುದು ಇದನ್ನೇ. ಟರ್ಬೊ ತಿರುಗಲು ಹೊಗೆಯ ರಭಸ ಬೇಕು. ಸುತ್ತು 1500ಕ್ಕಿಂತ ಕೆಳಗೆ ಬಿದ್ದರೆ ಆ ರಭಸ ಇರುವುದಿಲ್ಲ, ಆಗ ಅದು ಬರೀ ಒಂದು ಲೀಟರ್ ಎಂಜಿನ್ ಅಷ್ಟೆ. ಬಿಗಿ ತಿರುವಿನಲ್ಲಿ ಸಂಕೋಚಪಡದೆ ಫಸ್ಟ್ ಗೇರ್‌ಗೆ ಇಳಿಯಿರಿ. ಕೈಗೆ ಹಣ ಹೊಂದುವುದಾದರೆ ಆಟೊಮ್ಯಾಟಿಕ್ ತೆಗೆದುಕೊಳ್ಳಿ. ಅದರಲ್ಲಿರುವುದು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್, ಈ ಕೊರತೆಯನ್ನು ಬಹುಪಾಲು ಮುಚ್ಚುತ್ತದೆ.

ಇಳಿಯುವಾಗಿನ ಮಾತನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಎಂಜಿನ್ ಸಣ್ಣದಾದಷ್ಟೂ ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನು ಹಿಡಿದು ನಿಲ್ಲಿಸುವ ಅದರ ಶಕ್ತಿಯೂ ಕಡಿಮೆ. ನೀವು ಹೋಂಡಾ ಸಿಟಿಯಲ್ಲಿ ಥರ್ಡ್ ಗೇರ್‌ನಲ್ಲಿ ಇಳಿಯುತ್ತಿದ್ದ ಕಡೆ ಹೊಸ ಗಾಡಿಯಲ್ಲಿ ಸೆಕೆಂಡ್ ಹಾಕಿಕೊಳ್ಳಿ. ಬ್ರೇಕನ್ನೇ ನಂಬಿ ಹದಿನಾಲ್ಕು ತಿರುವು ಇಳಿದು ಸೋಮೇಶ್ವರದಲ್ಲಿ ಚಕ್ರದಿಂದ ಹೊಗೆ ಬರಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಬಾಳಿಕೆ. ‘ಐದು ವರ್ಷಕ್ಕೆ ಎಂಜಿನ್ ಬಿಚ್ಚಿಸಬೇಕು’ ಎಂಬುದು ಸರಿಯಲ್ಲ. ಆದರೆ ಹಳೆಯ ಎಂಜಿನ್ ಕ್ಷಮಿಸುತ್ತಿದ್ದ ತಪ್ಪುಗಳನ್ನು ಇದು ಕ್ಷಮಿಸುವುದಿಲ್ಲ. ಎರಡು ವರ್ಷದ ಹಿಂದೆ ಒಬ್ಬರು ಇಂಥದೇ ಸಣ್ಣ ಟರ್ಬೊ ಗಾಡಿ ತಂದರು. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ, ತಪ್ಪು ಕಂಪನಿಯದಲ್ಲ. ವೇಗ ಏರಿಸಿದರೆ ಸಿಳ್ಳೆ ಹಾಕಿದಂಥ ಸದ್ದು. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಡಾಂಬರಿನಂತೆ ಕಪ್ಪು ಅಂಟು. ಟರ್ಬೊ ಬಿಚ್ಚಿ ಅದರ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಕೂದಲೆಳೆಯಷ್ಟು ಮಾತ್ರ ಅಲ್ಲಾಡಬೇಕಾದ ದಂಡ ಸಡಿಲ ಹಲ್ಲಿನಂತೆ ಅಲ್ಲಾಡಿತು. ಆ ಚಕ್ರ ನೋಡಲು ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಅದು ನಿಮಿಷಕ್ಕೆ ಲಕ್ಷಕ್ಕೂ ಮೇಲ್ಪಟ್ಟು ಸುತ್ತು ತಿರುಗುತ್ತದೆ, ಕೆಂಪಗೆ ಕಾಯುವ ಹೊಗೆಯ ದಾರಿಯಲ್ಲಿ ಕೂತು. ಅದನ್ನು ಕಾಪಾಡುವುದು ತೆಳ್ಳನೆಯ ಎಣ್ಣೆಯ ಪದರ ಒಂದೇ. ಗಾಡಿಯ ಯಜಮಾನರು ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಆಯಿಲ್ ಬದಲಾಯಿಸಿರಲಿಲ್ಲ.

ನೀವು ಹಾಗೆ ಮಾಡಬೇಡಿ. ಕೈಪಿಡಿ 15,000 ಕಿಲೋಮೀಟರ್ ಎಂದರೂ ನಮ್ಮ ಮಲೆನಾಡಿನ ಓಡಾಟಕ್ಕೆ ಹತ್ತು ಸಾವಿರಕ್ಕೇ ಆಯಿಲ್ ಬದಲಾಯಿಸಿ. ಕೈಪಿಡಿಯಲ್ಲಿ ಬರೆದ ದರ್ಜೆಯದನ್ನೇ ಹಾಕಿಸಿ. ‘ಎಲ್ಲಾ ಒಂದೇ ಸಾರ್’ ಎಂದವರ ಮಾತು ಕೇಳಬೇಡಿ. ಘಾಟಿ ಹತ್ತಿ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತ ಕೂಡಲೇ ಎಲ್ಲರೂ ಕೀಲಿ ತಿರುಗಿಸಿ ಇಳಿದುಬಿಡುತ್ತಾರೆ. ಈಗಿನ ಟರ್ಬೊಗಳಿಗೆ ನೀರಿನ ತಂಪೂ ಇರುತ್ತದೆ, ನಿಜ. ಆದರೂ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಮೇಲೆ ಆಫ್ ಮಾಡಿ. ದೊಡ್ಡ ಗೇರ್‌ನಲ್ಲಿ, ಕಡಿಮೆ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸವಿದ್ದರೆ ಬಿಡಿ. ಒತ್ತಡದ ಗಾಳಿ ಇರುವ ಸಣ್ಣ ಎಂಜಿನ್ನಿನಲ್ಲಿ ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಸುತ್ತಿಗೆಯಲ್ಲಿ ಹೊಡೆದಂತಾಗುತ್ತದೆ.

ಮೈಲೇಜ್ ವಿಷಯ ನೀವು ಕೇಳಲಿಲ್ಲ, ಆದರೆ ಸಣ್ಣ ಎಂಜಿನ್ ಬಂದದ್ದೇ ಅದಕ್ಕಾಗಿ. ತೋಟದ ಪಂಪಿನ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಂಡಾಗ ಮೋಟಾರ್ ನೀರೆಳೆಯಲಾರದೆ ಹೇಗೆ ಒದ್ದಾಡುತ್ತದೆ ಎಂಬುದನ್ನು ನೀವು ನೋಡಿರುತ್ತೀರಿ. ದೊಡ್ಡ ಪೆಟ್ರೋಲ್ ಎಂಜಿನ್ ನಿಧಾನವಾಗಿ ಓಡುವಾಗ ಅದೇ ಸ್ಥಿತಿ: ಗಾಳಿ ಒಳಬಿಡುವ ಬಾಗಿಲು, ಅಂದರೆ ಥ್ರಾಟಲ್, ಬಹುಪಾಲು ಮುಚ್ಚಿರುತ್ತದೆ, ಆ ಸಂದಿಯಿಂದ ಗಾಳಿ ಎಳೆಯುವುದರಲ್ಲೇ ಶಕ್ತಿ ಪೋಲಾಗುತ್ತದೆ. ಅಷ್ಟೇ ಕೆಲಸಕ್ಕೆ ಸಣ್ಣ ಎಂಜಿನ್ ಥ್ರಾಟಲ್ ಹೆಚ್ಚು ತೆರೆದುಕೊಂಡು ಓಡುತ್ತದೆ. ಹಾಗಾಗಿ ಬೆಂಗಳೂರು ಹೆದ್ದಾರಿಯಲ್ಲಿ 80–90ರಲ್ಲಿ ಹೋದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಘಾಟಿಯಲ್ಲಿ, ಭಾರವಾದ ಕಾಲಿನಲ್ಲಿ, ಟರ್ಬೊ ಸದಾ ಗಾಳಿ ತುಂಬುತ್ತಿರುವಾಗ ಆ ಲಾಭ ಕರಗಿಹೋಗುತ್ತದೆ.

ಆದರೂ ಕೊಳ್ಳಿ ಎಂದು ಮೊದಲ ಸಾಲಿನಲ್ಲೇ ಬರೆದದ್ದು ಇದ್ಯಾವುದಕ್ಕೂ ಅಲ್ಲ. ಗ್ಲೋಬಲ್ ಎನ್‌ಕ್ಯಾಪ್ 2023ರಲ್ಲಿ ಡಿಕ್ಕಿ ಪರೀಕ್ಷೆ ನಡೆಸಿದಾಗ ವರ್ಟಸ್‌ಗೆ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಐದೈದು ನಕ್ಷತ್ರ ಸಿಕ್ಕಿದವು. ಒದ್ದೆ ರಸ್ತೆಯಲ್ಲಿ ಗಾಡಿ ಜಾರತೊಡಗಿದರೆ ಒಂದೊಂದೇ ಚಕ್ರದ ಬ್ರೇಕ್ ಹಿಡಿದು ಸರಿದಾರಿಗೆ ತರುವ ಇಎಸ್‌ಸಿ ಅದರಲ್ಲಿದೆ. ಆಗುಂಬೆಯ ಜುಲೈ ಮಳೆಯಲ್ಲಿ, ಪಾಚಿ ಕಟ್ಟಿದ ಅಂಚಿನಲ್ಲಿ, ಎದುರಿನವನು ತಪ್ಪು ಮಾಡಿದಾಗ ನಿಮ್ಮ ಸಿಟಿಯಲ್ಲಿ ಮಕ್ಕಳನ್ನು ಕಾಪಾಡಲು ಸೀಟ್‌ಬೆಲ್ಟ್ ಬಿಟ್ಟರೆ ಬೇರೇನೂ ಇಲ್ಲ. ಆ ಎಂಜಿನ್ ನನಗೆ ಎಷ್ಟೇ ಇಷ್ಟವಾದರೂ ಈ ಮಾತನ್ನು ಮುಚ್ಚಿಡಲಾರೆ. ಮುಂದಿನ ಮಳೆಗಾಲದ ಮಣಿಪಾಲದ ಓಡಾಟ ಹೊಸ ಗಾಡಿಯಲ್ಲೇ ಆಗಲಿ.

ಸಿಟಿಯನ್ನು ಗುಜರಿ ಬೆಲೆಗೆ ಕೊಡಬೇಡಿ. ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಆ ಕಾಲದ ರಬ್ಬರ್ ಪೈಪ್, ಸೀಲ್‌ಗಳು ಅದಕ್ಕಾಗಿ ಮಾಡಿದವಲ್ಲ. ಟ್ಯಾಂಕಿನಿಂದ ಇಂಜೆಕ್ಟರ್‌ವರೆಗಿನ ಪೈಪ್‌ಗಳನ್ನು ಒಮ್ಮೆ ಪೂರ್ತಿ ಬದಲಾಯಿಸಿ. ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ನಿಮ್ಮ ಆರ್‌ಸಿ ಅವಧಿ ಯಾವಾಗ ಮುಗಿಯುತ್ತದೆ ಎಂದು ಇಂದೇ ತೆಗೆದು ನೋಡಿ. ಭಾನುವಾರ ಬೆಳಿಗ್ಗೆ ಕೊಪ್ಪದ ಕಡೆ ಒಬ್ಬರೇ ಓಡಿಸಿಕೊಂಡು ಬನ್ನಿ.

ಪ್ರಶ್ನೆ: ಈಗಿನ ಕಾರುಗಳೆಲ್ಲ 998, 1197, 1199 ಸಿಸಿ ಎಂದೇ ಏಕಿರುತ್ತವೆ? ಹಿಂದೆ 1.6 ಲೀಟರ್‌ನ ಸಣ್ಣ ಕಾರುಗಳೂ ಇದ್ದವಲ್ಲ?
– ದಾವಣಗೆರೆಯ ವಿದ್ಯಾರ್ಥಿನಿ

ಉತ್ತರ: ಇದ್ದವು. 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6ಗೆ 100 ಅಶ್ವಶಕ್ತಿ ಇತ್ತು, ಗಾತ್ರದಲ್ಲಿ ಪುಟ್ಟ ಕಾರು. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅನ್ನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ಒಳಗಿರಬೇಕು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ಅಲ್ಲಿಂದ ಕಂಪನಿಗಳೆಲ್ಲ ಆ ಗೆರೆಯೊಳಗೇ ಕಾರು ಕಟ್ಟತೊಡಗಿದವು. 2012ರ ಡಿಸೈರ್‌ನ ಡಿಕ್ಕಿ ಕತ್ತರಿಸಿದಂತೆ ಮೊಟಕಾದದ್ದೂ ಇದೇ ಲೆಕ್ಕಕ್ಕೆ. ಜಿಎಸ್‌ಟಿಯಲ್ಲೂ ಗೆರೆ ಹಾಗೆಯೇ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಪೆಟ್ರೋಲ್ ಕಾರಿಗೆ ಶೇ 18, ದಾಟಿದರೆ ಶೇ 40. ಎಂಜಿನ್ ಸಣ್ಣದಾದರೂ ಉದ್ದ ಹೆಚ್ಚಾದರೆ ವಿನಾಯಿತಿ ಇಲ್ಲ. ಮೇಲಿನ ಪತ್ರದ ವರ್ಟಸ್‌ಗೆ ಶೇ 40ರ ತೆರಿಗೆಯೇ ಬೀಳುತ್ತದೆ. ಕಾರು ಎಷ್ಟು ಪೆಟ್ರೋಲ್ ಸುಡುತ್ತದೆ ಎಂದು ನೋಡದೆ ಸಿಸಿ ಮತ್ತು ಉದ್ದ ಅಳೆದು ತೆರಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಗಾಡಿಯ ಗುಣ ಇಂಚುಪಟ್ಟಿಯಲ್ಲಿ ಸಿಗುವುದಿಲ್ಲ.

ಪ್ರಶ್ನೆ: 2007ರ ಸ್ವಿಫ್ಟ್ 1.3 ಪೆಟ್ರೋಲ್ ಓಡಿಸುತ್ತಿದ್ದೇನೆ. ಮೂರು ಸಿಲಿಂಡರಿನ ಹೊಸ ಸ್ವಿಫ್ಟ್ ಓಡಿಸಿ ನೋಡಿದೆ. ಪಿಕಪ್ ಕಡಿಮೆ ಅನ್ನಿಸಿತು. ಇದು ನನ್ನ ಭ್ರಮೆಯೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಭ್ರಮೆಯಲ್ಲ. ನಿಮ್ಮದು 87 ಅಶ್ವಶಕ್ತಿ, ಹೊಸದು 82. ಹೊಸದರಲ್ಲಿ ಟರ್ಬೊ ಇಲ್ಲ, ಇದನ್ನು ಮರೆಯಬೇಡಿ. ಎಂಜಿನ್ ಕಿರಿದು ಮಾಡಿ ಟರ್ಬೊ ಕೂರಿಸುವುದೇ ಬೇರೆ, ಬರೀ ಕಿರಿದು ಮಾಡುವುದೇ ಬೇರೆ. ಇದನ್ನು ಮಾಡಿರುವುದು ಮೈಲೇಜ್‌ಗಾಗಿ. ಮ್ಯಾನ್ಯುಯಲ್ ಗಾಡಿಗೆ ಲೀಟರಿಗೆ 24.8 ಕಿಲೋಮೀಟರ್ ಎಂದು ಕಂಪನಿ ಹೇಳುತ್ತದೆ, ನಿಮ್ಮ 1.3 ಅದರ ಹತ್ತಿರಕ್ಕೂ ಬರುವುದಿಲ್ಲ. 2003ರಲ್ಲೂ ಹೀಗೇ ಆಗಿತ್ತು. ಹೋಂಡಾದವರು ವಿಟೆಕ್ ನಿಲ್ಲಿಸಿ, ಸಿಲಿಂಡರಿಗೆ ಎರಡೆರಡು ಪ್ಲಗ್ ಇರುವ 77 ಅಶ್ವಶಕ್ತಿಯ ಸಿಟಿ ತಂದಾಗ ನನ್ನ ಗ್ಯಾರೇಜಿನ ಮುಂದೆ ನಿಂತು ಕೆಂಡ ಕಾರಿದವರಿದ್ದರು. ಅವರಲ್ಲಿ ಇಬ್ಬರು ವರ್ಷದೊಳಗೆ ಅದನ್ನೇ ಕೊಂಡರು, ಪೆಟ್ರೋಲ್ ಲೆಕ್ಕ ಹಾಕಿ.

ದಿನಾ ಆಫೀಸಿಗೆ ಹೋಗಿಬರುವುದಷ್ಟೇ ಆದರೆ ಹೊಸ ಸ್ವಿಫ್ಟ್ ಒಳ್ಳೆಯದು. ಅಂಕೋಲಾ ಕಡೆ ಅರಬೈಲ್ ಘಾಟಿ ಹತ್ತಿಳಿಯುವುದಿದ್ದರೆ, ಒಂದು ಲೀಟರ್ ಟರ್ಬೊ ಇರುವ ಫ್ರಾಂಕ್ಸ್ ಅನ್ನೂ ನೋಡಿ, ಅದಕ್ಕೆ 100 ಅಶ್ವಶಕ್ತಿ ಇದೆ. ಶೋರೂಮಿನವರು ನಿಮ್ಮೊಬ್ಬರನ್ನೇ ಕೂರಿಸಿ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ಕಳುಹಿಸಿದರೆ ಒಪ್ಪಬೇಡಿ. ಮನೆಯವರೆಲ್ಲರನ್ನೂ ಕೂರಿಸಿ, ಎಸಿ ಹಾಕಿ, ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಎತ್ತಿ ನೋಡಿ. ಅಲ್ಲಿಯವರೆಗೆ ನಿಮ್ಮ 1.3ರ ಟೈಮಿಂಗ್ ಬೆಲ್ಟ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಎಂದು ಹಳೆಯ ಬಿಲ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ಈ ವಾರವೇ ಬದಲಾಯಿಸಿಬಿಡಿ.