ಅಪ್ಪನಿಗೆ ಕೇಳಿಸುತ್ತೆ, ಆದರೆ ತಿಳಿಯಲ್ಲ

ಪ್ರಶ್ನೆ: ಅಪ್ಪನಿಗೆ 74 ವರ್ಷ, ಕಿವಿ ಮಂದ. ಜೋರಾಗಿ ಹೇಳಿದರೆ ‘ಯಾಕೆ ರೇಗ್ತೀಯ’ ಅಂತಾರೆ, ಮೆಲ್ಲಗೆ ಹೇಳಿದರೆ ಕೇಳಿಸಲ್ಲ. ಸೊಪ್ಪು ತನ್ನಿ ಅಂದರೆ ಉಪ್ಪು ತರುತ್ತಾರೆ. ಬೇಕಾದ್ದು ಮಾತ್ರ ಕೇಳಿಸುತ್ತೆ ಅಂತ ಮನೆಯಲ್ಲಿ ಎಲ್ಲರಿಗೂ ಅನುಮಾನ.
– ಓದುಗಿ, ಬಸವನಗುಡಿ

ಉತ್ತರ: ಆ ಅನುಮಾನ ಬಿಟ್ಟುಬಿಡಿ. ವಯಸ್ಸಾದಾಗ ಸಾಮಾನ್ಯವಾಗಿ ಮೊದಲು ಕುಗ್ಗುವುದು ಕೀಚಲು ದನಿ ಹಿಡಿಯುವ ಶಕ್ತಿ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಇರುವುದು ಅಲ್ಲೇ. ಸ್ವರಗಳು ತಗ್ಗಿನವು, ಕೇಳಿಸುತ್ತಿರುತ್ತವೆ. ‘ಸೊಪ್ಪು’ವಿನ ಸಕಾರ ಉದುರಿದರೆ ಉಳಿಯುವುದು ‘ಒಪ್ಪು’. ಅಡುಗೆಮನೆಯಲ್ಲಿ ಅದು ಉಪ್ಪೇ ತಾನೆ! ನೀವು ಕೂಗಿದಾಗ ಏರುವುದು ಮುಖ್ಯವಾಗಿ ಸ್ವರ, ವ್ಯಂಜನ ಇನ್ನಷ್ಟು ಮುಚ್ಚಿಹೋಗುತ್ತದೆ. ಮುಖ ಗಂಟಿಕ್ಕಿದ್ದು ಮಾತ್ರ ಅವರಿಗೆ ಚೆನ್ನಾಗಿ ಕಾಣುತ್ತದೆ.

ಮೊದಲು ಹೆಸರು ಹಿಡಿದು ಕರೆಯಿರಿ, ಅವರು ತಿರುಗಿ ನೋಡಿದ ಮೇಲೆ ಮಾತು ಶುರುಮಾಡಿ. ಒಂದು ಮೀಟರ್ ದೂರದೊಳಗೆ, ಎದುರಿಗೆ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಕಿಟಕಿಗೆ ಬೆನ್ನು ಮಾಡಿದರೆ ತುಟಿ ಕಾಣುವುದಿಲ್ಲ. ಟಿವಿ ಮ್ಯೂಟ್ ಮಾಡಿ. ಮಿಕ್ಸಿ, ಕುಕ್ಕರ್ ನಡುವೆ ಮಾತು ಬೇಡವೇ ಬೇಡ. ಟೈಲ್ಸ್ ಹಾಕಿದ, ಪರದೆಯಿಲ್ಲದ ಹಾಲ್‌ನಲ್ಲಿ ದನಿ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪ ಪರದೆ ಹಾಕಿದರೆ ಅಷ್ಟಾದರೂ ತಗ್ಗುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಬರ್ತಾರೆ’, ‘ಬರಲ್ಲ’ ಎನ್ನುವುದು ವಾಕ್ಯದ ಕೊನೆಗೆ ಬರುತ್ತದೆ, ನಾವು ದನಿ ಇಳಿಸುವುದೂ ಅಲ್ಲೇ. ಹೌದೋ ಅಲ್ಲವೋ ಎಂಬುದೇ ನುಂಗಿಹೋಗುತ್ತದೆ. ಕೊನೆಯ ಪದವನ್ನು ಬಿಡಿಸಿ ಹೇಳಿ.

ತಿಳಿಯದಿದ್ದರೆ ಅದೇ ಮಾತನ್ನು ಮೂರನೇ ಸಲ ಹೇಳಬೇಡಿ, ಬೇರೆ ಪದ ಹಾಕಿ: ‘ಮಸ್ಸೊಪ್ಪಿಗೆ ಪಾಲಕ್ ಬೇಕು.’ ಎಪ್ಪತ್ತು, ಎಂಬತ್ತು ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಹಣ, ಮಾತ್ರೆ, ಸಮಯ ಇವನ್ನು ಚೀಟಿಯಲ್ಲಿ ಬರೆದುಕೊಡಿ. ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಕನ್ನಡ ಮಾತನ್ನೂ ಅಕ್ಷರ ಮಾಡಿ ತೋರಿಸುತ್ತದೆ. ಹೆಸರುಗಳಲ್ಲಿ ಎಡವುತ್ತದೆ, ಆದರೂ ಕೆಲಸಕ್ಕೆ ಬರುತ್ತದೆ. ‘ಹೋಗ್ಲಿ ಬಿಡಿ, ಏನಿಲ್ಲ’ ಎನ್ನುವ ಮಾತನ್ನು ಮಾತ್ರ ಮನೆಯಿಂದಾಚೆ ಹಾಕಿ. ಅವರು ಕೋಣೆ ಸೇರಿಕೊಳ್ಳುವುದು ಆ ಮಾತಿಗೇ.

ಪ್ರಶ್ನೆ: ಅತ್ತೆಗೆ ಹಿಯರಿಂಗ್ ಏಡ್ ಕೊಡಿಸಿದೆವು. ‘ಕುಯ್ಯೋ’ ಅನ್ನುತ್ತೆ ಅಂತ ಡ್ರಾಯರ್‌ನಲ್ಲಿ ಇಟ್ಟಿದ್ದಾರೆ. ಬ್ಯಾಟರಿಯೂ ಬೇಗ ಮುಗಿಯುತ್ತೆ.
– ಓದುಗ, ಯಲಹಂಕ

ಉತ್ತರ: ಕಿವಿಯೊಳಗಿನ ದನಿ ಸಂದಿಯಿಂದ ಸೋರಿ ಮತ್ತೆ ಮೈಕಿಗೆ ಸೇರಿದಾಗ ಕುಯ್ಗುಡುತ್ತದೆ. ಕೈ ಹತ್ತಿರ ತಂದಾಗ ಮಾತ್ರ ಆದರೆ ಚಿಂತೆಯಿಲ್ಲ. ಸದಾ ಆದರೆ ಮೂರು ನೋಡಿ: ಸರಿಯಾಗಿ ಕೂತಿದೆಯೇ, ತುದಿಯ ರಬ್ಬರ್ ಡೋಮ್ ಸಣ್ಣದಾಯಿತೇ, ಕಿವಿಯಲ್ಲಿ ಗುಗ್ಗೆ ತುಂಬಿದೆಯೇ. ಗುಗ್ಗೆಯನ್ನು ಇಎನ್‌ಟಿ ಡಾಕ್ಟರ್ ತೆಗೆಯಲಿ, ಹೇರ್‌ಪಿನ್ ಬೇಡ. ಎರಡೂ ಕಿವಿಗೆ ಇದ್ದರೆ ಕೆಂಪು ಗುರುತಿನದು ಬಲಕ್ಕೆ, ನೀಲಿಯದು ಎಡಕ್ಕೆ; ಅದಲುಬದಲಾದರೂ ಸರಿಯಾಗಿ ಕೂರುವುದಿಲ್ಲ.

ಬ್ಯಾಟರಿ ಸ್ಟಿಕ್ಕರ್‌ನದಾದರೆ ಅದು ಗಾಳಿಯಿಂದ ನಡೆಯುವಂಥದ್ದು. ಸ್ಟಿಕ್ಕರ್ ಕಿತ್ತು ಮೂರರಿಂದ ಐದು ನಿಮಿಷ ಬಿಟ್ಟು ಹಾಕಿ. ಆಮೇಲೆ ಮತ್ತೆ ಅಂಟಿಸಿಟ್ಟರೆ ಉಳಿಯುವುದಿಲ್ಲ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡಿ; ಮಳೆಗಾಲದ ತೇವ ಒಳಗೆ ಉಳಿಯಬಾರದು. ಸ್ನಾನಕ್ಕೆ ಮುಂಚೆ ತೆಗೆಯಿರಿ.

ಮೊದಲ ವಾರ ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ ಸಾಕು, ಆಮೇಲೆ ಹೆಚ್ಚಿಸಿ. ಚಿಕ್ಕಪೇಟೆಗೆ ಹಾಕಿಕೊಂಡು ಹೋಗುವುದು ಕೊನೆಗೆ. ‘ತಟ್ಟೆ ಸದ್ದು ಚುಚ್ಚುತ್ತೆ’ ಎಂಬಂಥ ದೂರನ್ನು ಬರೆದಿಟ್ಟು ಆಡಿಯಾಲಜಿಸ್ಟ್‌ಗೆ ತೋರಿಸಿ, ಸೆಟ್ಟಿಂಗ್ ಬದಲಿಸಿಕೊಡುತ್ತಾರೆ.

ಪ್ರಶ್ನೆ: ಅಣ್ಣನಿಗೆ ನಿನ್ನೆ ಬೆಳಗ್ಗೆ ಎದ್ದಾಗಿಂದ ಒಂದು ಕಿವಿ ಕೇಳಿಸುತ್ತಿಲ್ಲ. ನೋವಿಲ್ಲ. ಕಾದು ನೋಡಬಹುದೇ?
– ಓದುಗಿ, ವಿಜಯನಗರ

ಉತ್ತರ: ಕಾಯಬೇಡಿ, ಎಣ್ಣೆಯನ್ನೂ ಬಿಡಬೇಡಿ. ಇವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಬರೀ ಗುಗ್ಗೆಯಾದರೆ ಒಳ್ಳೆಯದೇ ಆಯಿತು. ಒಳಗಿವಿಯ ತೊಂದರೆಯಾದರೆ ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಅನುಕೂಲ, ಎರಡು ವಾರ ದಾಟಿದರೆ ಅದರ ಪ್ರಯೋಜನ ಕುಗ್ಗುತ್ತದೆ.