ರೆಟಿನಾ ಕೆಳಗೆ ನೀರು: ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 39 ವರ್ಷ. ಮನೆ ಡೊಂಬಿವಲಿಯಲ್ಲಿ, ಕೆಲಸ ದಾದರಿನ ಹೋಟೆಲೊಂದರಲ್ಲಿ, ಹೆಚ್ಚಾಗಿ ರಾತ್ರಿ ಪಾಳಿ. ತಿಂಗಳಿಂದ ಬಲಗಣ್ಣಿನ ನಡುವೆ ಬೂದು ಕಲೆ, ಬಿಲ್ಲಿನ ಗೆರೆಗಳೆಲ್ಲ ಸೊಟ್ಟ. ಸ್ಕ್ಯಾನ್ ಮಾಡಿದ ಡಾಕ್ಟರು ‘ಸೆಂಟ್ರಲ್ ಸೀರಸ್, ರೆಟಿನಾ ಕೆಳಗೆ ನೀರು ನಿಂತಿದೆ, ಮೂರು ತಿಂಗಳು ನೋಡೋಣ’ ಎಂದರು. ಔಷಧಿಯೇ ಇಲ್ಲ! ಶುಗರ್ ಇರುವ ನನ್ನ ಭಾವನಿಗೆ ಕಣ್ಣಿಗೇ ಇಂಜೆಕ್ಷನ್ ಕೊಟ್ಟಿದ್ದಾರೆ. ನನಗೆ ಆಪರೇಷನ್ ಬೇಕಾಗಬಹುದೇ? ನೀರು ಕುಡಿಯುವುದು ಕಡಿಮೆ ಮಾಡಲೇ?

ಉತ್ತರ: ನೀರು ಧಾರಾಳವಾಗಿ ಕುಡಿಯಿರಿ. ಕುಡಿದ ನೀರು ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ತೆಳು ಪದರ) ಕೆಳಗೆ ಹೋಗಿ ನಿಲ್ಲುವುದಿಲ್ಲ. ಆಪರೇಷನ್ನಿನ ಭಯವನ್ನೂ ಬಿಡಿ, ಈ ತೊಂದರೆಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಭಾವನ ಕಾಯಿಲೆ ಬೇರೆ. ಅವರಿಗೆ ಸಕ್ಕರೆಯಿಂದ ರೆಟಿನಾದೊಳಗಿನ ರಕ್ತನಾಳಗಳೇ ಸೋರುತ್ತವೆ. ಆ ಸೋರಿಕೆ ತಡೆಯಲು ಇಂಜೆಕ್ಷನ್. ನಿಮ್ಮಲ್ಲಿ ರೆಟಿನಾದ ಹಿಂದಿರುವ ಕೊರಾಯ್ಡ್ ಪದರ ಊದಿಕೊಂಡು, ಅಲ್ಲಿಂದ ನೀರು ಜಿನುಗಿದೆ. ಹೊಸ ರಕ್ತನಾಳ ಬೆಳೆದಿದ್ದರೆ ಮಾತ್ರ ನಿಮಗೆ ಆ ಇಂಜೆಕ್ಷನ್ನಿನ ಮಾತು.

ಒಂದು ವಿಚಿತ್ರ ನೋಡಿ. ಭಾವನಂಥವರಿಗೆ ಕೆಲವೊಮ್ಮೆ ಸ್ಟೀರಾಯ್ಡನ್ನೇ ಕಣ್ಣಿಗೆ ಕೊಡುತ್ತಾರೆ. ನಿಮಗೆ ಅದೇ ಸ್ಟೀರಾಯ್ಡ್ ಆಗದು. ಹಾಗಾಗಿ ನಾನು ಮೊದಲು ಕೇಳುವುದೇ ಅದನ್ನು. ‘ತಗೊಳ್ಳಲ್ಲ ಡಾಕ್ಟ್ರೇ’ ಎಂದವರ ಚೀಲದಲ್ಲೇ ಅದು ಇರುತ್ತದೆ: ಅಲರ್ಜಿಯ ಮೂಗಿನ ಸ್ಪ್ರೇ, ದಮ್ಮಿನ ಇನ್‌ಹೇಲರ್, ತುರಿಕೆಯ ಮುಲಾಮು, ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮು. ಹೆಸರು ಬರೆಯದ ಮಂಡಿನೋವಿನ ಪುಡಿಯ ಮೇಲಂತೂ ನನಗೆ ಜಾಸ್ತಿ ಅನುಮಾನ. ಎಲ್ಲವನ್ನೂ ಡಾಕ್ಟರಿಗೆ ತೋರಿಸಿ. ಆದರೆ ದಮ್ಮಿಗೋ ಕೀಲಿಗೋ ಬರೆದುಕೊಟ್ಟದ್ದನ್ನು ನೀವಾಗಿ ನಿಲ್ಲಿಸಬೇಡಿ. ದಿಢೀರ್ ಬಿಟ್ಟರೆ ಅಪಾಯವಾಗಬಹುದು.

ಒತ್ತಡ, ನಿದ್ದೆಗೇಡು, ಜೋರು ಗೊರಕೆಗೂ ಇದಕ್ಕೂ ನಂಟಿದೆ. ಸಾಧ್ಯವಾದರೆ ಕೆಲವು ತಿಂಗಳು ಹಗಲು ಪಾಳಿ ಕೇಳಿ ನೋಡಿ.

ಹೆಚ್ಚಿನವರಿಗೆ 3–4 ತಿಂಗಳಲ್ಲಿ ನೀರು ತಾನಾಗಿ ಇಂಗುತ್ತದೆ. ಅದಕ್ಕೇ ಡಾಕ್ಟರು ಕಾಯೋಣ ಎಂದದ್ದು. ಹೋಗದಿದ್ದರೆ ಪಿಡಿಟಿ ಇದೆ: ಕೈಯ ರಕ್ತನಾಳಕ್ಕೆ ವರ್ಟೆಪೋರ್ಫಿನ್ ಎಂಬ ಔಷಧಿ ಕೊಟ್ಟು, ಸೋರುವ ಜಾಗಕ್ಕೆ ಸುಡದಂಥ ಲೇಸರ್ ಬೆಳಕು ಹಾಯಿಸುತ್ತಾರೆ. ಆಮೇಲೆ ಕೆಲವು ದಿನ ಬಿಸಿಲಿಗೆ ಹೋಗುವಂತಿಲ್ಲ. ಸೋರಿಕೆ ನಡುಭಾಗದಿಂದ ದೂರವಿದ್ದರೆ ಮಾಮೂಲಿ ಲೇಸರ್ ಸಾಕಾಗಬಹುದು. ಎಪ್ಲೆರಿನೋನ್ ಮಾತ್ರೆಯನ್ನೂ ಕೆಲವರು ಬರೆಯುತ್ತಾರೆ. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅದು ಬರೀ ಹುಸಿ ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ನಾನಾದರೆ ಬರೆಯುವುದಿಲ್ಲ.

ವಾರಕ್ಕೊಮ್ಮೆ ಎಡಗಣ್ಣು ಮುಚ್ಚಿ ಚೌಕುಳಿ ಕಾಗದ ನೋಡಿ. ಗೆರೆ ಇನ್ನೂ ಸೊಟ್ಟಗಾದರೆ, ಕಲೆ ದೊಡ್ಡದಾದರೆ ಮೂರು ತಿಂಗಳು ಕಾಯದೆ ಹೋಗಿ. ಹೋಗುವಾಗ ಹಳೇ ಒ.ಸಿ.ಟಿ. ಸ್ಕ್ಯಾನ್ (ರೆಟಿನಾ ಪದರಗಳ ಚಿತ್ರ) ಒಯ್ಯಿರಿ. ಮುಂದಿನದನ್ನೂ ಆದಷ್ಟು ಅದೇ ಮೆಷಿನ್ನಿನಲ್ಲಿ ಮಾಡಿಸಿ, ಹೋಲಿಸಿ ನೋಡಲು ಸುಲಭ.